ಮಕ್ಕಳ ಪುಸ್ತಕಕ್ಕೆ ವಯಸ್ಸಿನ ಮುದ್ರೆ ಬೇಕೆ?

ಮಕ್ಕಳಿಗೆಂದು ಅಚ್ಚಾಗುತ್ತಿರುವ ಪುಸ್ತಕಗಳಲ್ಲಿ ಹಲವುಗಳ ಹೊದಿಕೆಯ ಮೇಲೆ ಒಂದು ಸಣ್ಣ ಬರಹ ಕಾಣುತ್ತದೆ. ‘೫ರಿಂದ ೭ ವರ್ಷದವರಿಗೆ’, ‘೮ರಿಂದ ೧೦ ವರ್ಷದವರಿಗೆ’ ಎಂದು ಅದು ಓದುವವರ ವಯಸ್ಸನ್ನು ಗೊತ್ತುಮಾಡುತ್ತದೆ. ಅಂಗಡಿಯಲ್ಲಿ ನಿಂತು ಮೊಮ್ಮಗನಿಗೋ ಸೋದರಳಿಯನಿಗೋ ಪುಸ್ತಕ ಆರಿಸುವ ಹಿರಿಯರಿಗೆ ಇದು ದೊಡ್ಡ ಅನುಕೂಲವೆಂದೇ ತೋರುತ್ತದೆ. ಕಾಲಿನ ಜೋಡಿಗೆ ಅಳತೆಯಿರುವಂತೆ ಪುಸ್ತಕಕ್ಕೂ ಅಳತೆಯಿದ್ದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಕರ್ನಾಟಕದೊಳಗೆ ಇರುವ ಕನ್ನಡಿಗರಿಗೆ ಇದು ಬರಿಯ ಅನುಕೂಲದ ಮಾತಾಗಿರಬಹುದು. ಆದರೆ ಹೈದರಾಬಾದಿನಂಥ ಊರಿನಲ್ಲಿ ನೆಲೆಸಿ, ಮಕ್ಕಳಿಗೆ ಮನೆಯಲ್ಲಿಯೇ ಕನ್ನಡದ ಅಕ್ಷರ ಕಲಿಸಬೇಕಾಗಿ ಬಂದಿರುವ ನಮಗೆ, ಮಗು ಕನ್ನಡವನ್ನು ಓದುವುದೋ ಬಿಡುವುದೋ ಎಂಬುದೇ ಇದರಲ್ಲಿ ಅಡಗಿದೆ. ಆದುದರಿಂದ ನಮ್ಮ ಹಿಂದಿನವರು ಮಕ್ಕಳ ಓದನ್ನು ಯಾವುದರಿಂದ ಅಳೆಯುತ್ತಿದ್ದರು, ಪುಸ್ತಕಕ್ಕೂ ವಯಸ್ಸಿಗೂ ಗಂಟು ಬಿದ್ದದ್ದು ಹೇಗೆ, ಈಗ ನಾವು ಮಾಡಬಹುದಾದುದೇನು ಎಂಬುದನ್ನು ಚರಿತ್ರೆಯ ಸಹಾಯದಿಂದ ಸ್ವಲ್ಪ ವಿಚಾರ ಮಾಡೋಣ.

ಮಕ್ಕಳ ಕಥೆಯೆಂದೊಡನೆ ನಮಗೆ ಮೊದಲು ನೆನಪಾಗುವುದು ಪಂಚತಂತ್ರ. ಮೂವರು ದಡ್ಡ ರಾಜಕುಮಾರರಿಗೆ ಆರು ತಿಂಗಳೊಳಗೆ ನೀತಿಯನ್ನು ಕಲಿಸಿಕೊಡುವೆನೆಂದು ವಿಷ್ಣುಶರ್ಮನು ಪಣ ತೊಟ್ಟ ಸಂಗತಿ ಎಲ್ಲರೂ ಬಲ್ಲದ್ದು. ಸಂಸ್ಕೃತದ ಪ್ರಸಿದ್ಧ ಪಾಠದಲ್ಲಿ ಆ ಗುರುವು ತನಗೆ ೮೦ ವರ್ಷವಾಗಿದೆಯೆಂದು ತಾನೇ ಹೇಳಿಕೊಳ್ಳುತ್ತಾನೆ. ಶಿಷ್ಯರ ವಯಸ್ಸನ್ನು ಮಾತ್ರ ಕಥೆ ಹೇಳುವುದಿಲ್ಲ. ಅವರಿಗೆ ಏನು ಬರುವುದಿಲ್ಲ, ಏನು ಬರಬೇಕು ಎಂಬುದಷ್ಟೇ ಅಲ್ಲಿ ಮುಖ್ಯ. ಈ ಕಥೆಗಳನ್ನು ೧೧ನೆಯ ಶತಮಾನದಲ್ಲಿ ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಕನ್ನಡಕ್ಕೆ ತಂದ ದುರ್ಗಸಿಂಹನು ಚಾಲುಕ್ಯ ದೊರೆ ಜಯಸಿಂಹ ಜಗದೇಕಮಲ್ಲನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಆ ವಂಶಕ್ಕೆ ಹೆಸರು ಕೊಟ್ಟ ಕಲ್ಯಾಣ ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವಾಗಿ ನಮ್ಮ ಊರಿಗೆ ಸಮೀಪದಲ್ಲಿಯೇ ಇದೆ. ದುರ್ಗಸಿಂಹನ ಚಂಪೂಕಾವ್ಯ ಎಳೆಯರಿಗಾಗಿ ಬರೆದದ್ದಲ್ಲ. ಅದು ಪಂಡಿತರ ಓದು. ಆದರೆ ಅದೇ ಆಮೆ, ಅದೇ ಹಂಸ, ಅದೇ ಮೊಸಳೆಯ ಕಥೆಗಳು ಅಜ್ಜಿಯರ ಬಾಯಿಂದ ಮೂರು ವರ್ಷದ ಕೂಸಿನ ಕಿವಿಯನ್ನು ಮುಟ್ಟಿದವು. ಒಂದೇ ಕಥೆ ಮಂತ್ರಿಗೂ ಕೂಸಿಗೂ ಸಂದಿತು. ಅದರ ಮೇಲೆ ಯಾವ ವಯಸ್ಸಿನ ಮುದ್ರೆಯನ್ನು ಒತ್ತಬಹುದಾಗಿತ್ತು?

ಕಥೆ ಹೇಳುವುದು ಒಂದು, ಅಕ್ಷರ ಕಲಿಸುವುದು ಇನ್ನೊಂದು ಎಂದು ಕೆಲವರು ಹೇಳಬಹುದು. ಸರಿ, ಅಕ್ಷರ ಕಲಿಸುತ್ತಿದ್ದ ಊರ ಮಠಗಳ ವಿಷಯವನ್ನೇ ನೋಡೋಣ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳಲ್ಲಿರುವ ಶಾಲೆಗಳ ಲೆಕ್ಕ ಕಳುಹಿಸುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಬಹಳ ಪ್ರಸಿದ್ಧವಾದುದು. ಆಗಿನ ಬಳ್ಳಾರಿ ಜಿಲ್ಲೆ ಕನ್ನಡ, ತೆಲುಗು ಎರಡು ಸೀಮೆಗಳನ್ನೂ ಒಳಗೊಂಡಿತ್ತು. ಅಲ್ಲಿದ್ದ ಶಾಲೆಗಳು ೫೩೩, ಓದುತ್ತಿದ್ದವರು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಎರಡು ಸೋದರ ಭಾಷೆಗಳ ಶಾಲೆಗಳು ಹೀಗೆ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದುವೆಂಬುದು ತೆಲುಗು ನಾಡಿನಲ್ಲಿ ಬಾಳುವ ನಮಗೆ ಸಂತೋಷದ ವಿಷಯ.

ಮಗುವಿಗೆ ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸವಾಗುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಬರೆಯುವುದು, ಓದುವುದು. ಶಾಲೆಗೆ ಸೇರುವುದಕ್ಕೆ ವಯಸ್ಸಿನ ಕಟ್ಟಳೆಯಿತ್ತು, ನಿಜ. ಆದರೆ ಸೇರಿದ ಮೇಲೆ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಕ್ಯಾಂಬೆಲನು ಬರೆದಿರುವ ಪ್ರಕಾರ ಸಾಮಾನ್ಯವಾಗಿ ಒಂದು ಶಾಲೆಯಲ್ಲಿ ನಾಲ್ಕು ವರ್ಗಗಳು. ಹುಡುಗನು ತನ್ನ ಶಕ್ತಿಗೂ ಪ್ರಗತಿಗೂ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದನು. ಮುಂದಿನ ವರ್ಗದ ಹುಡುಗರೇ ಹಿಂದಿನವರಿಗೆ ಪಾಠ ಹೇಳುತ್ತಿದ್ದರು. ಹತ್ತು ವರ್ಷದವನು ಹನ್ನೆರಡು ವರ್ಷದವನಿಗೆ ಹೇಳಿಕೊಟ್ಟರೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದು ಹೇಳಲಾಗದು. ಮಕ್ಕಳು ಆಡುಮಾತಿಗೆ ದೂರವಾದ ಪದ್ಯಗಳನ್ನು ಅರ್ಥ ತಿಳಿಯದೆ ಗಿಣಿಯಂತೆ ಒಪ್ಪಿಸುತ್ತಿದ್ದರೆಂದು ಅದೇ ಕ್ಯಾಂಬೆಲನು ಆಕ್ಷೇಪಿಸಿದ್ದಾನೆ. ಆ ಆಕ್ಷೇಪ ನ್ಯಾಯವಾದುದೇ. ಹೆಣ್ಣುಮಕ್ಕಳಿಗೂ ಬಡವರಿಗೂ ಅಲ್ಲಿ ಎಡೆಯಿದ್ದುದು ಬಹಳ ಕಡಿಮೆ. ಆದರೂ ಕಲಿಕೆಯನ್ನು ಮೆಟ್ಟಿಲಿನಿಂದ ಅಳೆಯಬೇಕೇ ಹೊರತು ಹುಟ್ಟಿದ ವರ್ಷದಿಂದಲ್ಲ ಎಂಬ ತಿಳಿವಳಿಕೆ ಆ ಮಠದ ಅಯ್ಯಗಳಿಗಿತ್ತು.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರದ ಶಾಲೆಗಳು ಹಬ್ಬಿದ ಮೇಲೆ ಈ ಲೆಕ್ಕ ಬದಲಾಯಿತು. ವರ್ಷಕ್ಕೊಂದು ತರಗತಿ, ತರಗತಿಗೊಂದು ಪಠ್ಯಪುಸ್ತಕ, ವರ್ಷದ ಕೊನೆಗೆ ಪರೀಕ್ಷೆ ಎಂಬ ಕ್ರಮ ಬಂತು. ಸಾವಿರಾರು ಶಾಲೆಗಳನ್ನು ಒಂದೇ ಆಡಳಿತದಲ್ಲಿ ನಡೆಸಬೇಕಾದರೆ ಇಂಥ ಕ್ರಮ ಬೇಕಾಗುತ್ತದೆ. ಆದರೆ ಅದರಿಂದ ಮಗುವಿನ ವಯಸ್ಸು, ಅದರ ತರಗತಿ, ಅದು ಓದುವ ಪುಸ್ತಕ ಈ ಮೂರೂ ಒಂದೇ ದಾರಕ್ಕೆ ಪೋಣಿಸಲ್ಪಟ್ಟವು. ಇಂದು ಹೊದಿಕೆಯ ಮೇಲೆ ಕಾಣುವ ವಯಸ್ಸು ಈ ಶಾಲೆಯ ಲೆಕ್ಕದ ಮರಿಯೆಂದು ಹೇಳಬಹುದು.

ಕನ್ನಡದ ಶಿಶುಸಾಹಿತ್ಯವನ್ನು ಕಟ್ಟಿದ ಹಿರಿಯರು ಈ ದಾರವನ್ನು ಸಡಿಲಿಸಿದರೆಂಬುದು ನಾವು ಮುಖ್ಯವಾಗಿ ಗಮನಿಸತಕ್ಕ ಅಂಶ. ಪಂಜೆ ಮಂಗೇಶರಾಯರು (೧೮೭೪–೧೯೩೭) ಉಪಾಧ್ಯಾಯರಾಗಿಯೂ ಶಾಲೆಗಳ ತನಿಖಾಧಿಕಾರಿಯಾಗಿಯೂ ಕೆಲಸ ಮಾಡಿದವರು. ತರಗತಿಯ ಕಟ್ಟುಪಾಡು ಅವರಿಗೆ ತಿಳಿಯದ್ದೇನೂ ಅಲ್ಲ; ಪಠ್ಯಪುಸ್ತಕಗಳಿಗಾಗಿ ಅವರೇ ದುಡಿದಿದ್ದರು. ಹಾಗಿದ್ದರೂ ‘ಸಿಗಡಿ ಯಾಕೆ ಒಣಗಲಿಲ್ಲ’, ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಅವರ ಕಥೆಗಳು ಯಾವ ತರಗತಿಗೂ ಸೇರದೆ ಎಲ್ಲ ತರಗತಿಗಳಿಗೂ ಸೇರುತ್ತವೆ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತರುವ ಕೆಲಸಕ್ಕೆ ಕೈಹಾಕಿದವರೂ ಅವರೇ. ಮಕ್ಕಳ ಲೇಖಕರೆಂದು ಹೆಸರಾದ ಈ ಮಹನೀಯರನ್ನು ೧೯೩೪ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿ ಗೌರವಿಸಿದ ಊರು ರಾಯಚೂರು. ಅದು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತೆಗೆದುಕೊಳ್ಳಿ. ಇಂಗ್ಲಿಷ್ ಕವಿ ಬ್ರೌನಿಂಗ್ ಕಾಯಿಲೆ ಬಿದ್ದಿದ್ದ ಗೆಳೆಯನ ಮಗನೊಬ್ಬನ ಮನರಂಜನೆಗೆಂದು ಬರೆದ ಕವನವೇ ಅದಕ್ಕೆ ಮೂಲ. ಒಬ್ಬ ಹುಡುಗನಿಗೆಂದು ಹುಟ್ಟಿದ ಕಥೆ ಕನ್ನಡಕ್ಕೆ ಬಂದು ಲಕ್ಷಾಂತರ ಮಕ್ಕಳದ್ದಾಯಿತು. ಇಲಿಗಳ ಸಾಲು ಕೇಳಿ ನಗುವ ನಾಲ್ಕು ವರ್ಷದ ಮಗುವಿಗೂ, ಕೊಟ್ಟ ಮಾತು ತಪ್ಪಿದ ಊರಿಗೆ ಬಂದ ಗತಿಯನ್ನು ಯೋಚಿಸುವ ಅರುವತ್ತರ ಅಜ್ಜನಿಗೂ ಅದು ಒಂದೇ ಪುಸ್ತಕ. ಶಿವರಾಮ ಕಾರಂತರು ೧೯೩೬ರಲ್ಲಿ ಮೂರು ಸಂಪುಟಗಳಲ್ಲಿ ‘ಬಾಲ ಪ್ರಪಂಚ’ವನ್ನು ಹೊರತಂದಾಗ ಅವರ ಮುಂದಿದ್ದುದು ಮಗುವಿನ ಕುತೂಹಲ. ಮಗು ಎಲ್ಲಿ ಬೇಕಾದರೂ ತೆರೆಯಬಹುದು, ತಿಳಿದಷ್ಟು ತೆಗೆದುಕೊಳ್ಳಬಹುದು, ತಿಳಿಯದ್ದನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಮದರಾಸಿನಿಂದ ೧೯೪೭ರಲ್ಲಿ ತೆಲುಗು, ತಮಿಳುಗಳಲ್ಲಿ ಮೊದಲಾಗಿ ೧೯೪೯ರಲ್ಲಿ ಕನ್ನಡಕ್ಕೂ ಬಂದ ‘ಚಂದಮಾಮ’ ಮಾಸಪತ್ರಿಕೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಸಿಕ್ಕುವ ಮೊದಲು ದೊಡ್ಡವರ ಕೈಯಲ್ಲಿರುತ್ತಿತ್ತು. ೨೦೧೩ರಲ್ಲಿ ನಿಂತುಹೋದ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಂದಿಗೂ ಹುಡುಕಿ ಓದುವವರಲ್ಲಿ ತಲೆ ನರೆತವರೇ ಹೆಚ್ಚು.

ಇನ್ನು ನಮ್ಮ ಹೈದರಾಬಾದಿನ ಚರಿತ್ರೆ ಇದಕ್ಕಿಂತ ಬೇರೆಯದು. ನಿಜಾಮರ ಕಾಲದಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ಈ ಸಂಸ್ಥಾನದ ಪ್ರಜೆಗಳಾಗಿದ್ದರು. ಉಚ್ಚ ಶಿಕ್ಷಣದ ಮಾಧ್ಯಮ ಉರ್ದು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ನಡೆಯಿತು. ಗುಲಬರ್ಗಾದಲ್ಲಿ ೧೯೦೭ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಸ್ಥಾಪಿಸಿದ ಹಮ್‌ದರ್ದ್ ಶಾಲೆ, ಈ ನಗರದ ನೃಪತುಂಗ ಶಾಲೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಇಂಥ ಸಂಸ್ಥೆಗಳು ಕನ್ನಡದ ದೀಪ ಆರದಂತೆ ನೋಡಿಕೊಂಡವು. ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ಬೆಳೆದವನ ಕನ್ನಡದ ಓದು ಅವನ ವಯಸ್ಸಿನೊಡನೆ ಹೆಜ್ಜೆ ಹಾಕುವುದು ಸಾಧ್ಯವಿರಲಿಲ್ಲ. ಉರ್ದುವಿನಲ್ಲಿ ದೊಡ್ಡ ಗ್ರಂಥಗಳನ್ನು ಓದಬಲ್ಲವನು ಕನ್ನಡದ ಒತ್ತಕ್ಷರಕ್ಕೆ ತಡವರಿಸಬಹುದಾಗಿತ್ತು.

೧೯೫೬ರ ನವೆಂಬರ್ ೧ರಂದು ಆ ಮೂರು ಜಿಲ್ಲೆಗಳು ಕನ್ನಡ ನಾಡಿಗೆ ಸೇರಿದವು. ನಗರದಲ್ಲಿ ಉಳಿದವರು, ಆಮೇಲೆ ಉದ್ಯೋಗಕ್ಕಾಗಿ ಬಂದವರು, ಇಂದು ಬ್ಯಾಂಕು, ಕಾರಖಾನೆ, ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುವವರು ಎಲ್ಲರೂ ಅದೇ ಹಳೆಯ ಸ್ಥಿತಿಯಲ್ಲಿಯೇ ಇದ್ದೇವೆ. ಶಾಲೆಯ ಭಾಷೆ ಮಾತ್ರ ಬದಲಾಗಿದೆ. ಇಂಗ್ಲಿಷ್ ಮಾಧ್ಯಮ ಮೊದಲನೆಯದು. ೨೦೧೮ರ ತೆಲಂಗಾಣದ ಕಾಯಿದೆಯಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ. ನಾವಿರುವ ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಕಲಿಯುವುದು ಯೋಗ್ಯವೇ. ಅದರ ಮೇಲೆ ಹಿಂದಿ. ಕನ್ನಡಕ್ಕೆ ಉಳಿಯುವುದು ಭಾನುವಾರದ ಒಂದು ಗಂಟೆ. ಎಂಟು, ಒಂಬತ್ತು, ಕೆಲವೊಮ್ಮೆ ಹನ್ನೆರಡನೆಯ ವರ್ಷದಲ್ಲಿ ನಮ್ಮ ಮಕ್ಕಳು ಅ, ಆ ತಿದ್ದುತ್ತಾರೆ.

ಹೀಗೆ ತಡವಾಗಿ ತಿದ್ದಿದವರ ಕೈಗೆ ವಯಸ್ಸಿನ ಮುದ್ರೆಯುಳ್ಳ ಪುಸ್ತಕ ಬಂದರೆ ಏನಾಗುತ್ತದೆ? ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಭಾನುವಾರದ ಕನ್ನಡ ತರಗತಿಗೆ ಬರುತ್ತಿದ್ದ ಹನ್ನೊಂದು ವರ್ಷದ ಹುಡುಗಿಗೆ ಒಂದು ಚಿತ್ರಪುಸ್ತಕ ಕೊಡಲಾಯಿತು. ದೊಡ್ಡ ಅಕ್ಷರ, ಒತ್ತಕ್ಷರ ಕಡಿಮೆ, ಪುಟಕ್ಕೆ ಎರಡು ಸಾಲು; ಅವಳ ಕನ್ನಡಕ್ಕೆ ಸರಿಯಾಗಿಯೇ ಇತ್ತು. ಆದರೆ ಹೊದಿಕೆಯ ಮೇಲೆ ೫–೭ ಎಂದಿತ್ತು. ಜೊತೆಗಿದ್ದ ತಮ್ಮ ಅದನ್ನು ಗಟ್ಟಿಯಾಗಿ ಓದಿ ನಕ್ಕನು. ಮುಂದಿನ ವಾರ ಆಕೆ ಪುಸ್ತಕವನ್ನು ಹಿಂದಿರುಗಿಸಿದಳು, ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ದಪ್ಪ ಕಾದಂಬರಿಗಳನ್ನು ಓದುವ ಹುಡುಗಿ ಅವಳು. ಕನ್ನಡ ಅವಳಿಗೆ ಕಷ್ಟವಾಗಲಿಲ್ಲ, ಅವಮಾನವಾಯಿತು. ಕಷ್ಟವನ್ನು ಮಕ್ಕಳು ಸಹಿಸುತ್ತಾರೆ, ಅವಮಾನವನ್ನು ಸಹಿಸುವುದಿಲ್ಲ.

ಈ ವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಪ್ರಕಾಶಕರು ೨೦೦೮ರಲ್ಲಿ ಮಕ್ಕಳ ಪುಸ್ತಕಗಳ ಮೇಲೆ ೫, ೭, ೯, ೧೧ ಎಂದು ವಯಸ್ಸಿನ ಅಂಕಗಳನ್ನು ಅಚ್ಚುಹಾಕಲು ನಿಶ್ಚಯಿಸಿದಾಗ, ಲೇಖಕ ಫಿಲಿಪ್ ಪುಲ್‌ಮನ್ನರ ಮುಂದಾಳುತನದಲ್ಲಿ ನೂರಾರು ಲೇಖಕರೂ ಚಿತ್ರಕಾರರೂ ಉಪಾಧ್ಯಾಯರೂ ಪ್ರತಿಭಟಿಸಿದರು. ಪ್ರಕಾಶಕರ ಮಾತು ಇದು: ಪುಸ್ತಕ ಕೊಳ್ಳುವವರು ಬಹುಮಟ್ಟಿಗೆ ದೊಡ್ಡವರು, ಯಾವುದು ಯಾರಿಗೆಂದು ತಿಳಿಯದೆ ಅವರು ಕೊಳ್ಳದೆಯೇ ಹೋಗುತ್ತಾರೆ, ಅಂಕವಿದ್ದರೆ ಹೆಚ್ಚು ಪುಸ್ತಕಗಳು ಮಕ್ಕಳನ್ನು ತಲುಪುತ್ತವೆ. ಲೇಖಕರ ಮಾತು ಇದು: ಒಂದೇ ವಯಸ್ಸಿನ ಮಕ್ಕಳ ಓದು ಒಂದೇ ಸಮನಾಗಿರುವುದಿಲ್ಲ; ಓದಿನಲ್ಲಿ ಹಿಂದುಳಿದ ಮಗು ಚಿಕ್ಕ ಅಂಕವನ್ನು ಕಂಡು ನಾಚುತ್ತದೆ; ಮುಂದಿರುವ ಮಗುವನ್ನು ದೊಡ್ಡ ಅಂಕ ತಡೆಯುತ್ತದೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಆದರೆ ಆ ವಾದದಲ್ಲಿ ಎರಡೂ ಕಡೆಯವರ ಮುಂದಿದ್ದುದು ಹೆಚ್ಚಾಗಿ ತನ್ನ ಶಾಲೆಯ ಭಾಷೆಯಲ್ಲಿಯೇ ಓದುವ ಮಗು. ನಮ್ಮ ಮಕ್ಕಳ ಸಮಸ್ಯೆ ಅದಕ್ಕಿಂತ ಒಂದು ಗಂಟು ಹೆಚ್ಚಿನದು.

ಆ ಗಂಟನ್ನು ಬಿಡಿಸಬೇಕಾದರೆ ಎರಡು ಅಳತೆಗಳನ್ನು ಬೇರೆಬೇರೆ ಮಾಡಬೇಕೆಂದು ನನಗೆ ತೋರುತ್ತದೆ. ವಿಷಯದ ಅಳತೆ ಒಂದು, ಭಾಷೆಯ ಅಳತೆ ಇನ್ನೊಂದು. ಐದು ವರ್ಷದ ಕೂಸಿಗೆ ಕೊಲೆ, ಯುದ್ಧಗಳ ವಿವರವುಳ್ಳ ಪುಸ್ತಕ ಬೇಡ. ಇಲ್ಲಿ ವಯಸ್ಸನ್ನು ನೋಡಲೇಬೇಕು. ಆದರೆ ಸಾಲು ಎಷ್ಟು ಉದ್ದವಿರಬೇಕು, ಒತ್ತಕ್ಷರ ಎಷ್ಟಿರಬೇಕು, ಪದಗಳು ಎಷ್ಟು ಪರಿಚಿತವಾಗಿರಬೇಕು ಎಂಬುದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಅದಕ್ಕೆ ಸಂಬಂಧವಿರುವುದು ಓದಿನ ರೂಢಿಗೆ. ಬ್ಯಾಂಕಿನಲ್ಲಿ ಹತ್ತು ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಣದ ವ್ಯವಹಾರಕ್ಕೆ ಹುಟ್ಟಿದ ತಾರೀಖು ಬೇಕು. ಓದು ಅಂಥ ವ್ಯವಹಾರವಲ್ಲ. ಅಲ್ಲಿ ನೋಡಬೇಕಾದುದು ಇದುವರೆಗೆ ಜಮೆಯಾದದ್ದು ಎಷ್ಟು ಎಂಬುದನ್ನು.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿಯೂ ಈ ಭೇದ ಕಾಣುತ್ತದೆ. ಶಾಲೆಗೇ ಹೋಗದೆ ಬೆಳೆದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಹತ್ತು ವರ್ಷದವನನ್ನು ಆರು ವರ್ಷದವರ ನಡುವೆ ಕೂರಿಸಬಾರದು ಎಂಬುದು ಅದರ ಆಶಯ. ಅದು ಮಗುವಿನ ಮಾನದ ಪ್ರಶ್ನೆ. ಆದರೆ ಹಿಂದುಳಿದ ಪಾಠವನ್ನು ತುಂಬಿಕೊಡಲು ವಿಶೇಷ ತರಬೇತಿಯನ್ನು ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಮಾನ ವಯಸ್ಸಿಗೆ ತಕ್ಕಂತೆ, ಪಾಠ ಮೆಟ್ಟಿಲಿಗೆ ತಕ್ಕಂತೆ. ಇದಕ್ಕಿಂತ ಹಿಂದೆ, ೧೯೪೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣದ ಕೆಲಸ ಬೆಳೆದಾಗಲೂ ಇದೇ ಪ್ರಶ್ನೆ ಎದುರಾಗಿತ್ತು. ನಲವತ್ತು ವರ್ಷದ ರೈತನಿಗೆ ಅಕ್ಷರ ಹೊಸದು, ಬದುಕು ಹೊಸದಲ್ಲ. ಅವನ ಕೈಗೆ ಬೆಕ್ಕಿನ ಮರಿಯ ಪಾಠವನ್ನು ಕೊಡಲಾಗದು. ಆದುದರಿಂದ ಅಂಥವರಿಗಾಗಿ ಸುಲಭವಾದ ಮಾತಿನಲ್ಲಿ, ದೊಡ್ಡ ಅಕ್ಷರಗಳಲ್ಲಿ, ದೊಡ್ಡವರ ವಿಷಯಗಳನ್ನೇ ಬರೆದ ಪುಸ್ತಕಗಳೂ ‘ಬೆಳಕು’ ಎಂಬ ಪತ್ರಿಕೆಯೂ ಹೊರಟವು. ನಮ್ಮ ಹನ್ನೊಂದು ವರ್ಷದ ಮಕ್ಕಳಿಗೆ ಬೇಕಾಗಿರುವುದೂ ಅದೇ ಜಾತಿಯ ಪುಸ್ತಕ: ಮಾತು ಸುಲಭ, ವಿಷಯ ಅವರ ಬುದ್ಧಿಗೆ ತಕ್ಕದ್ದು.

೨೦೦೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಕಥೆಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಓದಲು ತೊಡಗಿದವರಿಗೆ ಒಂದನೆಯದು. ಸರಾಗವಾಗಿ ಓದಬಲ್ಲವರಿಗೆ ನಾಲ್ಕನೆಯದು. ೨೦೧೫ರಿಂದ ಅದರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಕಥೆಗಳು ಇದೇ ಹಂತಗಳಲ್ಲಿ ಯಾರಿಗೂ ಉಚಿತವಾಗಿ ದೊರೆಯುತ್ತವೆ. ಬಳ್ಳಾರಿಯ ಮಠಗಳಲ್ಲಿ ನಾಲ್ಕು ವರ್ಗ, ಇಲ್ಲಿ ನಾಲ್ಕು ಹಂತ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆಂದು ನಾನು ಹೇಳುವುದಿಲ್ಲ. ಕಲಿಸುವ ಕೆಲಸದಲ್ಲಿ ಕೈ ಪಳಗಿದವರು ಇನ್ನೂರು ವರ್ಷಗಳ ಅಂತರದಲ್ಲಿ ಒಂದೇ ತೀರ್ಮಾನಕ್ಕೆ ಬಂದರೆಂಬುದು ಮಾತ್ರ ಗಮನಾರ್ಹ. ಹಂತವೂ ಒಂದು ಅಂಕವೇ ಅಲ್ಲವೆ, ಅದರಿಂದಲೂ ಮಗು ನಾಚಲಾರದೆ ಎಂದು ಕೇಳಬಹುದು. ನಾಚಬಹುದು. ಆದರೆ ಒಂದು ಭೇದವಿದೆ. ವಯಸ್ಸನ್ನು ಮಗು ತನ್ನ ಶ್ರಮದಿಂದ ಬದಲಾಯಿಸಲಾರದು, ಮೆಟ್ಟಿಲನ್ನು ಏರಬಲ್ಲದು. ತೆಲುಗು ಬಲ್ಲ ನಮ್ಮ ಮಕ್ಕಳಂತೂ ಬೇಗ ಏರುತ್ತಾರೆ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು, ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಆದಂತೆಯೇ.

ಇನ್ನು ಕಾರ್ಯದ ಮಾತು. ನಮ್ಮಂಥ ಸಂಘಗಳ ಪುಸ್ತಕದ ಬೀರುವಿನಲ್ಲಿ ಮಕ್ಕಳ ಪುಸ್ತಕಗಳಿಗೆ ವಯಸ್ಸಿನ ಚೀಟಿ ಅಂಟಿಸಬೇಕೆಂಬ ಸಲಹೆ ಆಗಾಗ ಬರುತ್ತದೆ. ಅದರ ಬದಲು ಪುಸ್ತಕದ ಬೆನ್ನಿನ ಮೇಲೆ ಒಂದರಿಂದ ನಾಲ್ಕರವರೆಗೆ ಚುಕ್ಕೆಗಳನ್ನು ಇಡೋಣ. ಹೊದಿಕೆಯ ಮೇಲೆ ಅಚ್ಚಾದ ವಯಸ್ಸಿದ್ದರೆ ಸಂಘದ ಹೆಸರಿನ ಚೀಟಿ ಅದರ ಮೇಲೆಯೇ ಕೂರಲಿ. ಯಾವ ಪುಸ್ತಕ ಎಳೆಯರಿಗೆ ಭಾರವಾದ ವಿಷಯವನ್ನು ಒಳಗೊಂಡಿದೆ ಎಂಬ ಟಿಪ್ಪಣಿ ತಂದೆತಾಯಂದಿರು ನೋಡುವ ವಹಿಯಲ್ಲಿರಲಿ. ಪುಸ್ತಕ ಕೊಡುವಾಗ ಮಗುವಿನಿಂದ ನಡುವಿನ ಒಂದು ಪುಟವನ್ನು ಓದಿಸಿ ನೋಡಿದರೆ ಸಾಕು; ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಗಳಿಗೆ ತಡೆದರೆ ಒಂದು ಚುಕ್ಕೆ ಕಡಿಮೆಯದನ್ನು ಕೊಡಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಒಂದೇ ಚಿತ್ರಗಳೊಡನೆ ಹಲವು ಭಾಷೆಗಳಲ್ಲಿ ಬಂದಿವೆ. ಅವುಗಳ ತೆಲುಗು, ಕನ್ನಡ ಪ್ರತಿಗಳನ್ನು ಜೋಡಿಯಾಗಿ ಇಟ್ಟರೆ ಮಕ್ಕಳು ತಾವೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು, ಇಲ್ಲದ ಪುಸ್ತಕಗಳನ್ನು ನಾವೇ ಬರೆಯುವುದು. ೧೯೦೮ರಲ್ಲಿ ಮೂಸಿ ನದಿ ಉಕ್ಕಿ ಈ ನಗರವನ್ನು ಹಾಳುಗೆಡವಿದಾಗ ನಿಜಾಮರ ಸರಕಾರ ಕರೆಸಿಕೊಂಡದ್ದು ಕನ್ನಡಿಗರಾದ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಈ ಕಥೆಯನ್ನು ಪುಟಕ್ಕೆ ನಾಲ್ಕು ಸಣ್ಣ ಸಾಲುಗಳಲ್ಲಿ, ದೊಡ್ಡ ಅಕ್ಷರಗಳಲ್ಲಿ, ಒಳ್ಳೆಯ ಚಿತ್ರಗಳೊಡನೆ ಬರೆದರೆ ಹನ್ನೆರಡು ವರ್ಷದ ಹುಡುಗ ಅದನ್ನು ಅಡಗಿಸಿಡದೆ ಗೆಳೆಯರಿಗೂ ತೋರಿಸುತ್ತಾನೆ. ನಮ್ಮಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಚಿತ್ರ ಬರೆಯುವ ತಾಯಂದಿರಿದ್ದಾರೆ, ಅಚ್ಚಿಗೆ ಹಣ ಕೊಡಬಲ್ಲ ದಾನಿಗಳಿದ್ದಾರೆ. ವರ್ಷಕ್ಕೆ ಇಂಥ ಎರಡು ಪುಸ್ತಕಗಳು ಹೊರಟರೂ ರಾಜ್ಯೋತ್ಸವದ ಖರ್ಚಿನಲ್ಲಿ ಅದು ಅತ್ಯಂತ ಸಾರ್ಥಕವಾದ ಬಾಬಾಗುತ್ತದೆ. ಸಂಘದ ಹಿರಿಯರು ಈ ಸಲಹೆಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.